ಕನ್ನಡಿ ನಿಜಕ್ಕೂ ಎಡ-ಬಲ ಅದಲು ಬದಲು ಮಾಡುತ್ತಾ? ಪುಟಾಣಿಗಳ ಪ್ರಶ್ನೆಗೆ ಇಲ್ಲಿದೆ ಸರಳ ಉತ್ತರ

ಥಾಣೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಈಗ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡ ಮಾತ್ರ ಮನೆಪಾಠ. ಶಿವಮೊಗ್ಗದಲ್ಲಿರುವ ಅಜ್ಜಿ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿ ಅವಳಿಗೆ ಒಂದೊಂದೇ ಅಕ್ಷರ ಹೇಳಿಕೊಡುತ್ತಾರೆ. ಕಾಲ್‌ನಲ್ಲಿ ನಾನೂ ಸೇರಿಕೊಳ್ಳುತ್ತೇನೆ.

ಮೊನ್ನೆ ಪುಟ್ಟಿ ಮೊದಲ ಬಾರಿಗೆ ಯಾರ ಸಹಾಯವೂ ಇಲ್ಲದೆ ಸ್ಲೇಟಿನ ಮೇಲೆ 'ಅಜ್ಜಿ' ಎಂದು ಬರೆದು ಫೋನಿನ ಮುಂದೆ ಹಿಡಿದಳು. ಅಜ್ಜಿ ಚಪ್ಪಾಳೆ ತಟ್ಟಿದರು. ಆದರೆ ಪುಟ್ಟಿಯ ಮುಖ ಸಪ್ಪಗಾಯಿತು. ಅವಳ ಫೋನಿನ ಮೂಲೆಯಲ್ಲಿ ಅವಳದೇ ಚಿತ್ರ ಕಾಣುವ ಪುಟ್ಟ ಚೌಕ ಇರುತ್ತದಲ್ಲ, ಅದರಲ್ಲಿ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. 'ನಾನು ತಪ್ಪು ಬರ್ದಿದೀನಿ' ಎಂದು ಸ್ಲೇಟು ಒರೆಸಿದಳು. ಚೌಕದಲ್ಲಿ ಸರಿಯಾಗಿ ಕಾಣುವಂತೆ ಕಷ್ಟಪಟ್ಟು ಅಕ್ಷರಗಳನ್ನು ತಿರುಗಿಸಿ ಬರೆದಳು. ಈಗ ಅವಳಿಗೆ ಸರಿ ಕಂಡಿತು, ಅಜ್ಜಿಗೆ ಉಲ್ಟಾ. 'ಅಯ್ಯೋ, ಮೊದಲು ಬರ್ದಿದ್ದೇ ಸರಿ ಇತ್ತಲ್ಲೇ' ಎಂದು ಅಜ್ಜಿ ಹೇಳಿದ್ದೇ ತಡ, ಅಳು ಶುರು.

ಸಮಾಧಾನ ಮಾಡಲು ನಾನು ಹೇಳಿದೆ: 'ಫೋನು ಕನ್ನಡಿ ಇದ್ದ ಹಾಗೆ ಪುಟ್ಟಿ. ಕನ್ನಡಿ ಎಡವನ್ನ ಬಲ ಮಾಡುತ್ತೆ, ಬಲವನ್ನ ಎಡ ಮಾಡುತ್ತೆ.' ಕಣ್ಣೊರೆಸಿಕೊಂಡು ಅವಳು ಕೇಳಿದಳು: 'ಹಾಗಾದ್ರೆ ತಲೆ ಯಾಕೆ ಕೆಳಗೆ ಹೋಗಲ್ಲ ಚಿಕ್ಕಮ್ಮ? ಕಾಲು ಯಾಕೆ ಮೇಲೆ ಬರಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿದದ್ದು ಏನೆಂದರೆ, ನಾನು ಹೇಳಿದ್ದೇ ತಪ್ಪು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ 'ಕನ್ನಡಿ ಎಡ-ಬಲ ಬದಲಿಸುತ್ತದೆ' ಎಂಬ ಮಾತು ಅರ್ಧ ಸತ್ಯ ಮಾತ್ರ.

ಹಾಗಾದರೆ ಪೂರ್ತಿ ಸತ್ಯ ಏನು? ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಒಂದು ಸಣ್ಣ ಕನ್ನಡಿ, ಒಂದು ಟಾರ್ಚ್, ಒಂದು ಸ್ಟೀಲ್ ಚಮಚ, ಒಂದು ಪೆನ್ಸಿಲ್, ಆಚೆ ಈಚೆ ಕಾಣುವ ಪ್ಲಾಸ್ಟಿಕ್ ಹಾಳೆ ಮತ್ತು ಸ್ಕೆಚ್ ಪೆನ್ ಇದ್ದರೆ ಸಾಕು. ಎಲ್ಲವನ್ನೂ ಮನೆಯಲ್ಲೇ ಮಾಡಿ ನೋಡಬಹುದು.

ಮೊದಲು, 'ಕಾಣುವುದು' ಅಂದರೆ ಏನು?

ಪುಟಾಣಿಗಳೇ, ರಾತ್ರಿ ಕರೆಂಟ್ ಹೋದಾಗ ಮೇಜಿನ ಮೇಲಿರುವ ಮಾವಿನಹಣ್ಣು ಕಾಣುತ್ತದೆಯೇ? ಇಲ್ಲ. ಹಣ್ಣು ಅಲ್ಲೇ ಇದೆ, ನಿಮ್ಮ ಕಣ್ಣೂ ತೆರೆದೇ ಇದೆ. ಇಲ್ಲದಿರುವುದು ಬೆಳಕು ಮಾತ್ರ.

ಟಾರ್ಚ್ ಹಾಕಿ. ಬೆಳಕು ಹಣ್ಣಿನ ಮೇಲೆ ಬೀಳುತ್ತದೆ. ಹಣ್ಣಿಗೆ ತಗುಲಿ ಎಲ್ಲ ಕಡೆಗೂ ಚಿಮ್ಮುತ್ತದೆ. ಹಾಗೆ ಚಿಮ್ಮಿದ ಬೆಳಕಿನಲ್ಲಿ ಸ್ವಲ್ಪ ನಿಮ್ಮ ಕಣ್ಣಿನೊಳಗೆ ಬರುತ್ತದೆ. ಆಗ 'ಅಗೋ ಮಾವಿನಹಣ್ಣು' ಎಂದು ಮೆದುಳು ಗುರುತು ಹಿಡಿಯುತ್ತದೆ. ಇಷ್ಟೆಲ್ಲ ನಡೆಯಲು ಒಂದು ಕ್ಷಣವೂ ಬೇಡ. ಯಾಕೆಂದರೆ ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ.

ಹಿಂದಿನ ಕಾಲದಲ್ಲಿ ಅನೇಕ ದೊಡ್ಡ ದೊಡ್ಡ ಪಂಡಿತರೇ ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ನಂಬಿದ್ದರು. ಹಾಗಲ್ಲ, ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಸುಮಾರು ಸಾವಿರ ವರ್ಷದ ಹಿಂದೆ ವಿವರವಾಗಿ ತೋರಿಸಿಕೊಟ್ಟವರು ಇಬ್ನ್ ಅಲ್-ಹೈಥಮ್. ಇಂದಿನ ಇರಾಕಿನ ಬಸ್ರಾದಲ್ಲಿ ಹುಟ್ಟಿದ ಅವರು ಬೆಳಕಿನ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು.

ಇಷ್ಟು ನೆನಪಿಟ್ಟುಕೊಳ್ಳಿ: ಕಾಣುವುದು ಎಂದರೆ ಬೆಳಕು ನಮ್ಮ ಕಣ್ಣಿಗೆ ಬರುವುದು. ಕನ್ನಡಿ ಮಾಡುವ ಕೆಲಸವೂ ಒಂದೇ. ಬಂದ ಬೆಳಕನ್ನು ವಾಪಸ್ ಕಳಿಸುವುದು.

ಕೇರಂ ಬೋರ್ಡ್ ಹೇಳುವ ಪಾಠ

ಕೇರಂ ಆಡಿದ್ದೀರಲ್ಲ? ಸ್ಟ್ರೈಕರ್ ಅನ್ನು ನೇರವಾಗಿ ಎದುರಿನ ಅಂಚಿನ ಮರದ ಪಟ್ಟಿಗೆ ಹೊಡೆದರೆ ಅದು ನೇರವಾಗಿ ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಓರೆಯಾಗಿ ಹೊಡೆದರೆ? ಅಷ್ಟೇ ಓರೆಯಾಗಿ ಆ ಕಡೆಗೆ ಹೋಗುತ್ತದೆ. ಚೆನ್ನಾಗಿ ಆಡುವವರು ಇದೇ ಲೆಕ್ಕ ಹಾಕಿ ಪಟ್ಟಿಗೆ ಹೊಡೆದು ಕಾಯಿನ್ ಉರುಳಿಸುತ್ತಾರೆ.

ಬೆಳಕು ಕನ್ನಡಿಯ ಮುಂದೆ ಆಡುವುದೂ ಇದೇ ಆಟ. ಎಷ್ಟು ಓರೆಯಾಗಿ ಬಂದು ಬೀಳುತ್ತದೋ ಅಷ್ಟೇ ಓರೆಯಾಗಿ ವಾಪಸ್ ಹೋಗುತ್ತದೆ. ದೊಡ್ಡ ತರಗತಿಗೆ ಹೋದಾಗ ನೀವು ಇದನ್ನು 'ಪ್ರತಿಫಲನದ ನಿಯಮ' ಎಂದು ಓದುತ್ತೀರಿ.

ಮಾಡಿ ನೋಡಿ: ಸಂಜೆ ಕೋಣೆಯ ದೀಪ ಆರಿಸಿ. ಕನ್ನಡಿಯನ್ನು ಗೋಡೆಗೆ ಒರಗಿಸಿ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ. ಎದುರಿನ ಗೋಡೆಯ ಮೇಲೆ ಬೆಳಕಿನ ಬೊಟ್ಟು ಬೀಳುತ್ತದೆ. ಟಾರ್ಚನ್ನು ಇನ್ನಷ್ಟು ಓರೆ ಮಾಡಿದರೆ ಬೊಟ್ಟೂ ಅಷ್ಟೇ ದೂರ ಸರಿಯುತ್ತದೆ. ಬೊಟ್ಟು ಎಲ್ಲಿ ಬೀಳಬಹುದು ಎಂದು ಮೊದಲೇ ಊಹಿಸಿ ಗೋಡೆಗೆ ಒಂದು ಕಾಗದ ಅಂಟಿಸಿ. ನಾಲ್ಕೈದು ಸಲ ಆಡಿದರೆ ಊಹೆ ಸರಿಯಾಗುತ್ತಾ ಬರುತ್ತದೆ.

ಗೋಡೆಯಲ್ಲಿ ನಮ್ಮ ಮುಖ ಯಾಕೆ ಕಾಣಲ್ಲ?

ಒಳ್ಳೆಯ ಪ್ರಶ್ನೆ. ಬಿಳಿ ಗೋಡೆಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಆದರೂ ಅದರಲ್ಲಿ ಮುಖ ಕಾಣುವುದಿಲ್ಲ.

ಒಂದು ರಬ್ಬರ್ ಚೆಂಡನ್ನು ನುಣುಪಾದ ನೆಲಕ್ಕೆ ಹೊಡೆಯಿರಿ. ಎಲ್ಲಿಗೆ ಹಾರುತ್ತದೆ ಎಂದು ಹೇಳಬಹುದು. ಅದೇ ಚೆಂಡನ್ನು ಮನೆ ಕಟ್ಟುವಲ್ಲಿ ಸುರಿದಿರುವ ಜಲ್ಲಿಕಲ್ಲಿನ ರಾಶಿಗೆ ಹೊಡೆಯಿರಿ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಹೇಳಲಿಕ್ಕೇ ಆಗುವುದಿಲ್ಲ.

ಗೋಡೆ ಕೈಗೆ ನುಣುಪಾಗಿ ಕಂಡರೂ ಬೆಳಕಿನ ಪಾಲಿಗೆ ಅದು ಜಲ್ಲಿರಾಶಿಯೇ. ನಿಮ್ಮ ಮೂಗಿನಿಂದ ಹೋದ ಬೆಳಕು, ಕಿವಿಯಿಂದ ಹೋದ ಬೆಳಕು, ಕೆನ್ನೆಯಿಂದ ಹೋದ ಬೆಳಕು ಎಲ್ಲವೂ ಅಲ್ಲಿ ಚೆಲ್ಲಾಪಿಲ್ಲಿಯಾಗಿ ಕಲೆತುಹೋಗುತ್ತವೆ. ಕನ್ನಡಿ ಮಾತ್ರ ಬಂದ ಬೆಳಕನ್ನು ಸಾಲು ತಪ್ಪಿಸದೆ ವಾಪಸ್ ಕಳಿಸುತ್ತದೆ. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ತರಗತಿಗೆ ಹೋಗುವುದಕ್ಕೂ, ಸಂಜೆ ಬೆಲ್ ಹೊಡೆದಾಗ ಗೇಟಿನ ಕಡೆ ಓಡುವುದಕ್ಕೂ ಇರುವ ವ್ಯತ್ಯಾಸ ಇದು.

ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಹೊಸ ಸ್ಟೀಲ್ ತಟ್ಟೆಯಲ್ಲಿ ಮುಖ ಕಾಣುತ್ತದೆ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಗೀರು ಬಿದ್ದ ತಟ್ಟೆಯಲ್ಲಿ ಮಸುಕು ಮಾತ್ರ. ಲೋಹ ಅದೇ, ನುಣುಪು ಹೋಗಿದೆ. ಬಕೆಟ್ಟಿನ ನಿಂತ ನೀರಿನಲ್ಲಿ ಮುಖ ನೋಡಿ, ಆಮೇಲೆ ಬೆರಳಿನಿಂದ ಕಲಕಿ ನೋಡಿ. ಅಲ್ಲೂ ಅದೇ ಕಥೆ.

ಕನ್ನಡಿಯಲ್ಲಿ ಕೆಲಸ ಮಾಡುವುದು ಗಾಜಲ್ಲ!

ಇದು ದೊಡ್ಡವರಿಗೂ ಆಶ್ಚರ್ಯ ತರುವ ಸಂಗತಿ. ಕಿಟಕಿಯ ಗಾಜೂ ಗಾಜೇ, ಆದರೆ ಅದರಲ್ಲಿ ಆಚೆಯ ಮರ ಕಾಣುತ್ತದೆ. ಕನ್ನಡಿಯಲ್ಲಿ ನಿಜವಾದ ಕೆಲಸ ಗಾಜಿನ ಹಿಂದೆ ಬಳಿದಿರುವ ಅತಿ ತೆಳುವಾದ ಬೆಳ್ಳಿ ಅಥವಾ ಅಲ್ಯೂಮಿನಿಯಂ ಲೇಪನದ್ದು. ಗಾಜು ಅದಕ್ಕೆ ಕಾವಲುಗಾರ ಅಷ್ಟೇ. ಅದು ಲೇಪನ ಗೀರಾಗದಂತೆ, ಸುಕ್ಕಾಗದಂತೆ ಹಿಡಿದಿಡುತ್ತದೆ. ಹಳೆಯ ಕನ್ನಡಿಯ ಅಂಚಿನಲ್ಲಿ ಕಪ್ಪು ಕಲೆಗಳು ಕಾಣುತ್ತವಲ್ಲ, ಅಲ್ಲೆಲ್ಲ ಆ ಲೇಪನ ಹಾಳಾಗಿದೆ ಎಂದರ್ಥ.

ಕನ್ನಡಿಗೆ ಪಾದರಸ ಬಳಿದಿರುತ್ತಾರೆ ಎಂದು ಮನೆಯ ಹಿರಿಯರು ಹೇಳುವುದುಂಟು. ಹಿಂದೆ ಅದು ನಿಜವಾಗಿತ್ತು. ತವರ ಮತ್ತು ಪಾದರಸ ಸೇರಿಸಿ ಗಾಜಿಗೆ ಲೇಪಿಸುತ್ತಿದ್ದರು. ಪಾದರಸದ ಆವಿ ವಿಷ. ಹೀಗಾಗಿ ಕನ್ನಡಿ ಮಾಡುವವರ ಆರೋಗ್ಯ ಹಾಳಾಗುತ್ತಿತ್ತು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಗಾಜಿನ ಮೇಲೆ ತೆಳುವಾಗಿ ಬೆಳ್ಳಿ ಕೂರಿಸುವ ದಾರಿ ತೋರಿಸಿದರು. ಮುಂದೆ ಪಾದರಸ ಮರೆಯಾಯಿತು, ಕನ್ನಡಿ ಎಲ್ಲರ ಮನೆಗೂ ಬಂತು.

ಮಾಡಿ ನೋಡಿ: ಪೆನ್ಸಿಲ್‌ನ ಮೊನೆಯನ್ನು ಕನ್ನಡಿಗೆ ತಾಗಿಸಿ, ಸ್ವಲ್ಪ ಪಕ್ಕದಿಂದ ನೋಡಿ. ಪೆನ್ಸಿಲ್‌ಗೂ ಕನ್ನಡಿಯೊಳಗಿನ ಪೆನ್ಸಿಲ್‌ಗೂ ನಡುವೆ ಸಣ್ಣ ಸಂದಿ ಕಾಣುತ್ತದೆ. ಲೇಪನ ಗಾಜಿನ ಹಿಂಬದಿಯಲ್ಲಿ ಇರುವುದರಿಂದ ಆ ಸಂದಿ.

ಈ ಸಂದಿಯೇ ಇಲ್ಲದ ಕನ್ನಡಿ ಕೇರಳದಲ್ಲಿದೆ. ಅದರ ಹೆಸರು ಆರನ್ಮುಳ ಕನ್ನಡಿ. ಅದು ಗಾಜಿನದಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು ದಿನಗಟ್ಟಲೆ ಉಜ್ಜಿ ಮಾಡಿದ ಲೋಹದ ಕನ್ನಡಿ. ಮೇಲ್ಮೈಯೇ ಹೊಳೆಯುವುದರಿಂದ ಪೆನ್ಸಿಲ್ ಮೊನೆಗಳು ಒಂದಕ್ಕೊಂದು ಮುಟ್ಟಿಕೊಳ್ಳುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೈಯಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಯನ್ನು ನೋಡಿದ್ದೀರಾ? 1117ರಲ್ಲಿ ಆ ದೇವಾಲಯ ಕಟ್ಟಿದ ಕಾಲದಲ್ಲಿ ನಮ್ಮಲ್ಲಿ ಬಳಕೆಯಲ್ಲಿದ್ದ ಕನ್ನಡಿ ಕೂಡ ಹೀಗೆ ಉಜ್ಜಿ ಹೊಳಪಿಸಿದ ಲೋಹದ್ದೇ.

ಅಂದಹಾಗೆ, ಚೆನ್ನೈನಲ್ಲಿರುವ ಮಕ್ಕಳು ಗಮನಿಸಿರಬಹುದು. ತಮಿಳಿನಲ್ಲಿ 'ಕಣ್ಣಾಡಿ' ಎಂದರೆ ಕನ್ನಡಿಯೂ ಹೌದು, ಕನ್ನಡಕವೂ ಹೌದು.

ಕನ್ನಡಿಯೊಳಗಿನ ಪುಟ್ಟಿ ಎಲ್ಲಿದ್ದಾಳೆ?

ತೆವಳುವ ಮಗುವಿನ ಮುಂದೆ ಕನ್ನಡಿ ಇಟ್ಟರೆ ಏನು ಮಾಡುತ್ತದೆ? ನಗುತ್ತದೆ, ಕೈಯಿಂದ ತಟ್ಟುತ್ತದೆ, ಕೊನೆಗೆ ಕನ್ನಡಿಯ ಹಿಂದೆ ಇಣುಕುತ್ತದೆ, ಆ ಇನ್ನೊಂದು ಪಾಪು ಎಲ್ಲಿದೆ ಎಂದು. ಕನ್ನಡಿಯಲ್ಲಿ ಇರುವುದು ತಾನೇ ಎಂದು ಮಕ್ಕಳಿಗೆ ಗೊತ್ತಾಗುವುದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ. ಮಗುವಿಗೆ ತಿಳಿಯದಂತೆ ಮುಖಕ್ಕೆ ಒಂದು ಬೊಟ್ಟು ಇಟ್ಟು ಕನ್ನಡಿ ತೋರಿಸಿ ವಿಜ್ಞಾನಿಗಳು ಇದನ್ನು ಪರೀಕ್ಷಿಸುತ್ತಾರೆ. ಮಗು ಕನ್ನಡಿಯನ್ನು ಮುಟ್ಟದೆ ತನ್ನದೇ ಮುಖ ಮುಟ್ಟಿಕೊಂಡರೆ ಪಾಸ್! ಇದೇ ರೀತಿಯ ಪರೀಕ್ಷೆಯಲ್ಲಿ ಚಿಂಪಾಂಜಿ ಮತ್ತು ಆನೆಗಳೂ ಪಾಸಾಗಿವೆ.

ಕನ್ನಡಿಯ ಹಿಂದೆ ಯಾರೂ ಇಲ್ಲ ಎಂದು ನಮಗೆ ಗೊತ್ತು. ಹಾಗಿದ್ದರೂ ಯಾಕೆ ಒಳಗೆ ಇದ್ದಂತೆ ಕಾಣುತ್ತದೆ? ಯಾಕೆಂದರೆ ನಮ್ಮ ಮೆದುಳು 'ಬೆಳಕು ನೇರವಾಗಿಯೇ ಬರುತ್ತದೆ' ಎಂದು ನಂಬಿ ಕೂತಿದೆ. ನಿಮ್ಮ ಮೂಗಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ತಿರುಗಿ ಕಣ್ಣಿಗೆ ಬಂದಿದೆ. ಆದರೆ ನಡುವೆ ತಿರುಗಿದ್ದು ಮೆದುಳಿಗೆ ತಿಳಿಯುವುದಿಲ್ಲ. ಬೆಳಕು ಬಂದ ದಿಕ್ಕಿನಲ್ಲೇ ನೇರವಾಗಿ ಹಿಂದಕ್ಕೆ ಗೆರೆ ಎಳೆದು 'ಮೂಗು ಅಲ್ಲಿದೆ' ಎಂದು ತೀರ್ಮಾನಿಸುತ್ತದೆ. ಆ ಜಾಗ ಕನ್ನಡಿಯ ಹಿಂದೆ ಇರುತ್ತದೆ.

ಎಷ್ಟು ಹಿಂದೆ? ನೀವು ಎಷ್ಟು ಮುಂದೆ ಇದ್ದೀರೋ ಅಷ್ಟೇ ಹಿಂದೆ. ಎರಡು ಅಡಿ ದೂರ ನಿಂತರೆ ಕನ್ನಡಿಯೊಳಗಿನ ಗೆಳತಿ ಎರಡು ಅಡಿ ಒಳಗೆ. ನೀವು ಒಂದು ಹೆಜ್ಜೆ ಮುಂದಿಟ್ಟರೆ ಅವಳೂ ಒಂದು ಹೆಜ್ಜೆ ಮುಂದಿಡುತ್ತಾಳೆ.

ಅಪ್ಪ ಅಮ್ಮಂದಿರಿಗೆ ಒಂದು ಉಪಯುಕ್ತ ಲೆಕ್ಕ: ಅಡಿಯಿಂದ ಮುಡಿಯವರೆಗೆ ಪೂರ್ತಿ ಕಾಣಲು ನಿಮ್ಮಷ್ಟೇ ಎತ್ತರದ ಕನ್ನಡಿ ಬೇಕಿಲ್ಲ, ಅರ್ಧ ಎತ್ತರದ್ದು ಸಾಕು. 160 ಸೆಂಟಿಮೀಟರ್ ಎತ್ತರ ಇರುವವರಿಗೆ 80 ಸೆಂಟಿಮೀಟರ್ ಕನ್ನಡಿ ಸಾಕಾಗುತ್ತದೆ. ಅದರ ಮೇಲಂಚು ಕಣ್ಣಿಗೂ ನೆತ್ತಿಗೂ ಸರಿಯಾಗಿ ನಡುವೆ ಬರುವಂತೆ ತೂಗುಹಾಕಬೇಕು ಅಷ್ಟೇ. ಮುಂಬೈನ ಒಂದು ರೂಮಿನ ಮನೆಯಲ್ಲಿ ಗೋಡೆ ತುಂಬ ಕನ್ನಡಿ ಹಾಕಿಸುವ ಮುನ್ನ ಇದು ನೆನಪಿರಲಿ.

ಈಗ ಪುಟ್ಟಿಯ ಪ್ರಶ್ನೆ: ತಲೆ ಯಾಕೆ ಕೆಳಗೆ ಹೋಗಲ್ಲ?

ಕನ್ನಡಿಯ ಎದುರು ನೇರವಾಗಿ ನಿಲ್ಲಿ. ಒಂದು ಪಕ್ಕದಲ್ಲಿ ಬಾಗಿಲು, ಇನ್ನೊಂದು ಪಕ್ಕದಲ್ಲಿ ಕಿಟಕಿ ಇದೆ ಎಂದುಕೊಳ್ಳಿ. 'ಎಡ', 'ಬಲ' ಎಂಬ ಪದಗಳನ್ನು ಸ್ವಲ್ಪ ಹೊತ್ತು ಮರೆತುಬಿಡಿ.

ಒಂದು, ಬೆರಳನ್ನು ಮೇಲೆ ತೋರಿಸಿ. ಕನ್ನಡಿಯ ಗೆಳತಿಯೂ ಮೇಲೆ ತೋರಿಸುತ್ತಾಳೆ. ಬದಲಾಗಲಿಲ್ಲ.

ಎರಡು, ಕಿಟಕಿಯ ಕಡೆ ಬೆರಳು ತೋರಿಸಿ. ಅವಳೂ ಕಿಟಕಿಯ ಕಡೆಗೇ ತೋರಿಸುತ್ತಾಳೆ. ಬದಲಾಗಲಿಲ್ಲ. ಬಾಗಿಲಿನ ಕಡೆ ತೋರಿಸಿದರೂ ಅಷ್ಟೇ.

ಮೂರು, ನೇರವಾಗಿ ಮುಂದಕ್ಕೆ, ಕನ್ನಡಿಯ ಕಡೆಗೆ ಬೆರಳು ತೋರಿಸಿ. ಈಗ ನೋಡಿ, ಅವಳು ನಿಮ್ಮ ಕಡೆಗೆ ತೋರಿಸುತ್ತಿದ್ದಾಳೆ! ನಿಮ್ಮ ಬೆರಳು ಆ ಕಡೆಗೆ, ಅವಳ ಬೆರಳು ಈ ಕಡೆಗೆ.

ಸಿಕ್ಕಿತಲ್ಲ ಉತ್ತರ? ಕನ್ನಡಿ ಮೇಲೆ-ಕೆಳಗೆ ಬದಲಿಸುವುದಿಲ್ಲ. ಪಕ್ಕ-ಪಕ್ಕವನ್ನೂ ಬದಲಿಸುವುದಿಲ್ಲ. ಅದು ಬದಲಿಸುವುದು ಹಿಂದೆ-ಮುಂದೆಯನ್ನು ಮಾತ್ರ.

ಹಾಗಾದರೆ ಎಡ-ಬಲ ಬದಲಾಗಿದೆ ಎಂದು ನಮಗೆ ಯಾಕೆ ಅನ್ನಿಸುತ್ತದೆ? ಎದುರಿಗೆ ಗೆಳತಿ ನಿಂತಾಗ ಅವಳ ಬಲಗೈ ನಮ್ಮ ಎಡಗೈ ಕಡೆ ಇರುತ್ತದೆ. ಯಾಕೆಂದರೆ ಅವಳು ನಮ್ಮ ಕಡೆ ಮುಖ ಮಾಡಲು ತಿರುಗಿ ನಿಂತಿದ್ದಾಳೆ. ಕನ್ನಡಿಯಲ್ಲಿ ಕಾಣುವವಳೂ ಹಾಗೆ ತಿರುಗಿ ನಿಂತಿರುವ ಇನ್ನೊಬ್ಬಳು ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಆಗ 'ಅರೆ, ನಾನು ಬಲಗೈ ಎತ್ತಿದರೆ ಅವಳು ಎಡಗೈ ಎತ್ತುತ್ತಾಳೆ' ಅನ್ನಿಸುತ್ತದೆ. ಆದರೆ ಕನ್ನಡಿಯಲ್ಲಿ ಯಾರೂ ತಿರುಗಿ ನಿಂತಿಲ್ಲ. ತಿರುಗಿಸಿದ್ದು ನಮ್ಮ ಕಲ್ಪನೆ.

ಅಕ್ಷರ ಉಲ್ಟಾ ಮಾಡುವುದು ಯಾರು?

ಪುಟ್ಟಿ ಇಷ್ಟಕ್ಕೆ ಒಪ್ಪಲಿಲ್ಲ. 'ಮತ್ತೆ ಅಕ್ಷರ ಉಲ್ಟಾ ಆಗುತ್ತಲ್ಲ?' ಎಂದಳು. ಅದಕ್ಕೇ ಪ್ಲಾಸ್ಟಿಕ್ ಹಾಳೆ ಬೇಕಾದದ್ದು.

ಮೊದಲ ಪ್ರಯೋಗ: ಕಾಗದದ ಮೇಲೆ ದೊಡ್ಡದಾಗಿ 'ಅಜ್ಜಿ' ಎಂದು ಬರೆಯಿರಿ. ಕನ್ನಡಿಗೆ ತೋರಿಸಿ. ಉಲ್ಟಾ ಕಾಣುತ್ತದೆ. ಆದರೆ ತೋರಿಸುವ ಮುನ್ನ ನೀವೇನು ಮಾಡಿದಿರಿ? ನಿಮ್ಮ ಕಡೆ ಇದ್ದ ಕಾಗದವನ್ನು ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿದಿರಿ!

ಎರಡನೇ ಪ್ರಯೋಗ: ಅದೇ ಪದವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯಿರಿ. ನೀವು ಓದಲು ಬರುವಂತೆಯೇ ಹಿಡಿದುಕೊಂಡು, ತಿರುಗಿಸದೆ, ಅದರ ಮೂಲಕ ಕನ್ನಡಿ ನೋಡಿ. ಕನ್ನಡಿಯಲ್ಲೂ 'ಅಜ್ಜಿ' ಸರಿಯಾಗಿಯೇ ಇರುತ್ತದೆ. ಕನ್ನಡಿ ಏನನ್ನೂ ಉಲ್ಟಾ ಮಾಡಲಿಲ್ಲ.

ಮೂರನೇ ಪ್ರಯೋಗ: ಮತ್ತೆ ಕಾಗದ ತೆಗೆದುಕೊಳ್ಳಿ. ಈ ಸಲ ಪಕ್ಕಕ್ಕೆ ತಿರುಗಿಸಬೇಡಿ. ಗೋಡೆ ಕ್ಯಾಲೆಂಡರಿನ ಹಾಳೆ ಮೇಲಕ್ಕೆತ್ತಿದಂತೆ, ಕೆಳಗಿನ ಅಂಚು ಮೇಲೆ ಬರುವ ಹಾಗೆ ಮಗುಚಿ ಕನ್ನಡಿಗೆ ತೋರಿಸಿ. ಈಗ ಎಡ-ಬಲ ಇದ್ದಲ್ಲೇ ಇದೆ, ಅಕ್ಷರಗಳು ತಲೆಕೆಳಗಾಗಿವೆ. ಪುಟ್ಟಿ ಕೇಳಿದ ತಲೆಕೆಳಗಾಗುವ ಕನ್ನಡಿ ಸಿಕ್ಕಿತು!

ಒಂದೇ ಕನ್ನಡಿ. ಒಂದು ಸಲ ಎಡ-ಬಲ ಬದಲಾಯಿತು, ಒಂದು ಸಲ ಏನೂ ಆಗಲಿಲ್ಲ, ಒಂದು ಸಲ ತಲೆಕೆಳಗಾಯಿತು. ಅಂದರೆ ತಿರುಗಿಸಿದ್ದು ಕನ್ನಡಿಯಲ್ಲ, ನಮ್ಮ ಕೈ.

ಫೋನಿನ ಚೌಕದ ಗುಟ್ಟು

ಫೋನಿನೊಳಗೆ ಕನ್ನಡಿ ಇಲ್ಲ, ಕ್ಯಾಮೆರಾ ಇದೆ. ಕ್ಯಾಮೆರಾ ನಿಮ್ಮನ್ನು ಎದುರಿಗೆ ನಿಂತ ವ್ಯಕ್ತಿಯಂತೆ ನೋಡುತ್ತದೆ. ಅಜ್ಜಿಗೆ ಹೋಗುವುದು ಆ ಚಿತ್ರವೇ, ಹೀಗಾಗಿ ಅವರಿಗೆ ಅಕ್ಷರ ಸರಿಯಾಗಿ ಕಾಣುತ್ತದೆ. ಆದರೆ ನಮ್ಮದೇ ಚೌಕದಲ್ಲಿ ಅದೇ ಚಿತ್ರ ಇದ್ದರೆ ಕೂದಲು ಸರಿಮಾಡಿಕೊಳ್ಳಲು ಹೋದ ಕೈ ಬೇರೆ ಕಡೆ ಹೋದಂತೆ ಕಂಡು ಗಲಿಬಿಲಿಯಾಗುತ್ತದೆ. ನಮಗೆ ಚಿಕ್ಕಂದಿನಿಂದ ಕನ್ನಡಿ ನೋಡಿಯೇ ಅಭ್ಯಾಸ. ಅದಕ್ಕೇ ಬಹುತೇಕ ವಿಡಿಯೋ ಕಾಲ್ ಆ್ಯಪ್‌ಗಳು ನಮಗೆ ಮಾತ್ರ ನಮ್ಮ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ತೋರಿಸುತ್ತವೆ. ಪುಟ್ಟಿಯನ್ನು ಅಳಿಸಿದ್ದು ಇದೇ.

ಹೊರರಾಜ್ಯಗಳಲ್ಲಿ ಅಜ್ಜಿ-ತಾತನಿಂದ ಫೋನಿನಲ್ಲೇ ಕನ್ನಡ ಕಲಿಯುವ ಮಕ್ಕಳು ಎಷ್ಟೋ ಇದ್ದಾರೆ. ಅಂಥ ಮನೆಗಳಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 'ಚೌಕ ನೋಡಬೇಡ, ಸ್ಲೇಟು ನೋಡು. ಸ್ಲೇಟಿನಲ್ಲಿ ಸರಿ ಇದ್ದರೆ ಅಜ್ಜಿಗೂ ಸರಿ.' ಇನ್ನೊಂದು ಮಾತು. ಆಗಷ್ಟೇ ಬರೆಯಲು ಕಲಿಯುವ ಪುಟ್ಟ ಮಕ್ಕಳು ಫೋನಿನ ಹಂಗಿಲ್ಲದೆಯೂ ಕೆಲವು ಅಕ್ಷರಗಳನ್ನು ತಿರುಗಿಸಿ ಬರೆಯುವುದುಂಟು. ಅದು ಆ ವಯಸ್ಸಿನಲ್ಲಿ ಸಾಮಾನ್ಯ. ಗದರಿಸುವ ಅಗತ್ಯವಿಲ್ಲ, ಬಹುತೇಕ ಮಕ್ಕಳಲ್ಲಿ ಬರೆಯುತ್ತಾ ಬರೆಯುತ್ತಾ ತಾನಾಗಿಯೇ ಸರಿಹೋಗುತ್ತದೆ.

ಬೇಕೆಂದೇ ಉಲ್ಟಾ ಬರೆಯುವ ಜಾಗವೂ ಒಂದಿದೆ. ಆಂಬ್ಯುಲೆನ್ಸ್ ಮುಂಭಾಗ ನೋಡಿ. ಅಲ್ಲಿ ಅದರ ಹೆಸರನ್ನು ತಿರುಗಿಸಿ ಬರೆದಿರುತ್ತಾರೆ. ಮುಂದೆ ಹೋಗುವ ಕಾರಿನ ಚಾಲಕ ತನ್ನ ಕನ್ನಡಿಯಲ್ಲಿ ನೋಡಿದಾಗ ಅದು ಸರಿಯಾಗಿ ಕಾಣುತ್ತದೆ. ಓದಿದ ತಕ್ಷಣ ದಾರಿ ಬಿಡಬೇಕು, ಅದಕ್ಕೇ ಈ ಏರ್ಪಾಡು.

ಎರಡು ಕನ್ನಡಿ ಸೇರಿಸಿದರೆ? ಚಂದ್ರಯಾನದ ನೆನಪು

ಎರಡು ಸಣ್ಣ ಕನ್ನಡಿಗಳನ್ನು ತೆರೆದ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ನಡುವೆ ಕೋಣೆಯ ಮೂಲೆಯಂತೆ ಸರಿಯಾಗಿ ಚೌಕದ ಮೂಲೆ ಬರಲಿ. ಈಗ ಕಾಗದದಲ್ಲಿ ಬರೆದ 'ಅಜ್ಜಿ'ಯನ್ನು ಆ ಮೂಲೆಗೆ ತೋರಿಸಿ. ನಟ್ಟನಡುವೆ ಅಕ್ಷರಗಳು ಸರಿಯಾಗಿ ಕಾಣುತ್ತವೆ! ಬೆಳಕು ಎರಡೂ ಕನ್ನಡಿಗಳಿಗೆ ಬಡಿದು ಎರಡು ಸಲ ತಿರುಗಿ ಬಂದಿದ್ದರಿಂದ ಹೀಗಾಯಿತು. ಅದರಲ್ಲೇ ನಿಮ್ಮ ಮುಖ ನೋಡಿಕೊಳ್ಳಿ. ಗೆಳೆಯರಿಗೆ ನೀವು ಕಾಣುವುದು ಹಾಗೆ.

ಹೀಗೆಯೇ ಮೂರು ಕನ್ನಡಿ ಒಂದು ಮೂಲೆಯಲ್ಲಿ ಕೂಡಿದರೆ ಇನ್ನೊಂದು ಚಮತ್ಕಾರ ಆಗುತ್ತದೆ. ಬೆಳಕು ಯಾವ ಕಡೆಯಿಂದ ಬಂದರೂ ಬಂದ ಕಡೆಗೇ ವಾಪಸ್ ಹೋಗುತ್ತದೆ. ಸೈಕಲ್ಲಿನ ಹಿಂದೆ ಇರುವ ಕೆಂಪು ರಿಫ್ಲೆಕ್ಟರ್ ಅನ್ನು ಹತ್ತಿರದಿಂದ ನೋಡಿ. ಅದರೊಳಗೆ ಇಂಥ ನೂರಾರು ಪುಟಾಣಿ ಮೂಲೆಗಳಿವೆ. ಅದಕ್ಕೇ ಹಿಂದೆ ಬರುವ ಲಾರಿಯ ಬೆಳಕು ಲಾರಿ ಚಾಲಕನ ಕಡೆಗೇ ತಿರುಗಿ ಹೋಗಿ ಸೈಕಲ್ ಕಾಣುತ್ತದೆ.

ಇದೇ ಉಪಾಯ ಚಂದ್ರನ ಮೇಲೂ ಇದೆ. 1969ರಲ್ಲಿ ಅಪೋಲೋ 11ರ ಯಾತ್ರಿಗಳು ಅಲ್ಲಿ ಇಂಥ ಪ್ರತಿಫಲಕ ಇಟ್ಟು ಬಂದರು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾ ಕೊಟ್ಟ ಸುಮಾರು 5 ಸೆಂಟಿಮೀಟರ್ ಅಗಲದ ಪುಟ್ಟ ಪ್ರತಿಫಲಕವಿದೆ. ಅದೇ ವರ್ಷ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆಯೊಂದು ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಬೆಳಕು ಬಿಟ್ಟಿತು. ವಿಕ್ರಮ್‌ನ ಪ್ರತಿಫಲಕಕ್ಕೆ ಬಡಿದ ಬೆಳಕು ನೌಕೆಗೆ ವಾಪಸ್ ಬಂತು. ಬೆಳಕು ಹೋಗಿ ಬರಲು ಹಿಡಿದ ಸಮಯದಿಂದ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ವಿಕ್ರಮ್ ಈಗ ನಿದ್ದೆಯಲ್ಲಿದ್ದರೂ ಅದರ ಮೇಲಿನ ಪುಟ್ಟ ಪ್ರತಿಫಲಕಕ್ಕೆ ಬ್ಯಾಟರಿ ಬೇಡ, ಅದು ಕೆಲಸ ಮಾಡುತ್ತಲೇ ಇರುತ್ತದೆ.

ಚಮಚದಲ್ಲಿ ಎರಡು ಕನ್ನಡಿ

ಹೊಳೆಯುವ ಸ್ಟೀಲ್ ಚಮಚದ ಗುಳಿಯ ಕಡೆ ನೋಡಿ. ನೀವು ತಲೆಕೆಳಗು! ಹಿಂಬದಿಯ ಉಬ್ಬಿದ ಕಡೆ ನೋಡಿ. ನೆಟ್ಟಗೆ ಇದ್ದೀರಿ, ಆದರೆ ಚಿಕ್ಕದಾಗಿ, ಇಡೀ ಅಡುಗೆಮನೆಯ ಜೊತೆಗೆ. ಚಮಚ ಬಾಗಿರುವುದರಿಂದ ಒಂದೊಂದು ಜಾಗದಲ್ಲಿ ಬೆಳಕು ಒಂದೊಂದು ದಿಕ್ಕಿಗೆ ತಿರುಗುತ್ತದೆ. ಗುಳಿ ಬೆಳಕನ್ನು ಒಟ್ಟುಗೂಡಿಸುತ್ತದೆ, ಉಬ್ಬು ಬೆಳಕನ್ನು ಹರಡುತ್ತದೆ.

ಹಲ್ಲಿನ ಡಾಕ್ಟರ ಕೈಯಲ್ಲಿರುವ, ಹಲ್ಲನ್ನು ದೊಡ್ಡದಾಗಿ ತೋರಿಸುವ ಪುಟ್ಟ ಕನ್ನಡಿ ಗುಳಿಯ ಜಾತಿಯದು. ಸ್ಕೂಟರ್ ಮತ್ತು ಕಾರಿನ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಉಬ್ಬಿನ ಜಾತಿಯವು. ಹಿಂದಿನ ರಸ್ತೆ ಹೆಚ್ಚು ಅಗಲಕ್ಕೆ ಕಾಣಲಿ ಎಂದು ಹಾಗೆ ಮಾಡುತ್ತಾರೆ. ಆದರೆ ಅದಕ್ಕೊಂದು ಬೆಲೆ ಇದೆ. ವಾಹನಗಳು ಚಿಕ್ಕದಾಗಿ ಕಾಣುವುದರಿಂದ ದೂರ ಇವೆ ಅನ್ನಿಸುತ್ತದೆ. ಆದ್ದರಿಂದ ಕಾರಿನಿಂದ ಇಳಿಯುವ ಮುನ್ನ ಕನ್ನಡಿಯಲ್ಲಿ ಬೈಕ್ ದೂರ ಕಂಡರೂ ಬಾಗಿಲು ತೆರೆಯಬೇಡಿ. ಅದು ಕಂಡದ್ದಕ್ಕಿಂತ ಹತ್ತಿರ ಇರುತ್ತದೆ. ಕತ್ತು ಹೊರಳಿಸಿ ನೋಡಿಯೇ ತೆರೆಯಿರಿ. ಇದು ಮಕ್ಕಳಿಗೂ ಹೌದು, ದೊಡ್ಡವರಿಗೂ ಹೌದು.

ಮಕ್ಕಳು ಕೇಳುವ ಇನ್ನೆರಡು ಪ್ರಶ್ನೆ

ರಾತ್ರಿ ರೈಲಿನ ಕಿಟಕಿ ಕನ್ನಡಿ ಆಗುವುದು ಯಾಕೆ? ಬರೀ ಗಾಜೂ ಬೆಳಕಿನಲ್ಲಿ ಸ್ವಲ್ಪ ಭಾಗವನ್ನು, ನೂರರಲ್ಲಿ ಸುಮಾರು ಎಂಟು ಪಾಲನ್ನು, ವಾಪಸ್ ಕಳಿಸುತ್ತದೆ. ಹಗಲಲ್ಲಿ ಹೊರಗಿನ ಜೋರು ಬೆಳಕಿನ ಮುಂದೆ ಅದು ಕಾಣುವುದಿಲ್ಲ. ರಾತ್ರಿ ಹೊರಗೆ ಕತ್ತಲೆ, ಒಳಗೆ ದೀಪ. ಆಗ ಆ ಸ್ವಲ್ಪವೇ ಎದ್ದು ಕಾಣುತ್ತದೆ. ದೆಹಲಿ ಮೆಟ್ರೋ ಸುರಂಗಕ್ಕೆ ಇಳಿದ ಕೂಡಲೇ ಕಿಟಕಿಯಲ್ಲಿ ನಿಮ್ಮ ಮುಖ ಮೂಡುವುದೂ ಇದೇ ಕಾರಣಕ್ಕೆ.

ಸಲೂನಿನ ಕನ್ನಡಿಯಲ್ಲಿ ಸಾಲು ಸಾಲು ತಲೆಗಳು ಕಾಣುವುದು ಯಾಕೆ? ಎದುರು ಬದುರು ಎರಡು ಕನ್ನಡಿ ಇದ್ದಾಗ ಬೆಳಕು ಇಬ್ಬರ ನಡುವಿನ ಚೆಂಡಿನಂತೆ ಹೋಗಿ ಬಂದು ಮಾಡುತ್ತದೆ. ಪ್ರತಿ ಸಲವೂ ಒಂದು ಹೊಸ ಬಿಂಬ. ಆದರೆ ಪ್ರತಿ ಸಲವೂ ಸ್ವಲ್ಪ ಬೆಳಕು ಕಳೆದುಹೋಗುವುದರಿಂದ ಒಳಗೊಳಗೆ ಹೋದಂತೆ ತಲೆಗಳು ಮಬ್ಬಾಗುತ್ತವೆ, ಸ್ವಲ್ಪ ಹಸಿರು ಛಾಯೆಯೂ ಬರುತ್ತದೆ.

ಎಚ್ಚರಿಕೆ: ಕನ್ನಡಿಯಿಂದ ಬಿಸಿಲನ್ನು ಯಾರ ಕಣ್ಣಿಗೂ ಬಿಡಬಾರದು, ರಸ್ತೆಯಲ್ಲಿ ಹೋಗುವವರ ಮೇಲಂತೂ ಬೇಡವೇ ಬೇಡ. ಅಂಚು ಚೂಪಾಗಿರುವ ಕನ್ನಡಿ ಕೊಡಬೇಡಿ. ಪ್ರಯೋಗ ಮಾಡುವಾಗ ದೊಡ್ಡವರು ಜೊತೆಗಿರಲಿ.

ಕೊನೆಗೆ

ಮುಂದಿನ ಭಾನುವಾರ ನಾನು ಪುಟ್ಟಿಗೆ ಮೊದಲು ಹೇಳಿದ್ದು 'ಹೋದ ವಾರ ಚಿಕ್ಕಮ್ಮ ತಪ್ಪು ಹೇಳಿದ್ದಳು' ಎಂದು. ಅವಳಿಗೆ ಅದೇ ತುಂಬ ಖುಷಿ ಕೊಟ್ಟಿತು. ಮೂರೂ ಪ್ರಯೋಗ ಮಾಡಿ ಮುಗಿಸಿದ ಮೇಲೆ ಸ್ಲೇಟು ತಂದು 'ಅಜ್ಜಿ' ಎಂದು ಬರೆದು ತೋರಿಸಿದಳು. ಚೌಕದಲ್ಲಿ ಅದು ಎಂದಿನಂತೆ ಉಲ್ಟಾ ಇತ್ತು. ಈ ಸಲ ಒರೆಸಲಿಲ್ಲ.

ಆಮೇಲೆ ಹೊಸ ಪ್ರಶ್ನೆ ಬಂತು: 'ರಾತ್ರಿ ಲೈಟ್ ಆರಿಸಿದ ಮೇಲೆ ಕನ್ನಡಿ ಏನು ನೋಡುತ್ತೆ ಚಿಕ್ಕಮ್ಮ?' ಈಗ ಉತ್ತರ ಗೊತ್ತಿತ್ತು. ಆದರೆ ಹೇಳಲಿಲ್ಲ. 'ಅಮ್ಮನ ಜೊತೆ ಹೋಗಿ ಲೈಟ್ ಆರಿಸಿ ನೋಡು, ನೀನೇ ಬಂದು ಹೇಳು' ಎಂದೆ. ನಿಮ್ಮ ಮನೆಯ ಪುಟಾಣಿಗೂ ಹಾಗೇ ಹೇಳಿ ನೋಡಿ.